ಪಟ್ಟವೇನೋ ಮರಳಿ ಬಂತು

ಕಳೆದ ಭಾನುವಾರ ಮೊಮ್ಮಗಳನ್ನು ಮುಳಬಾಗಿಲಿನಿಂದ ಕೋಲಾರಕ್ಕೆ ಕರೆದುಕೊಂಡು ಹೋಗಿದ್ದೆ. ಹೈದರಾಲಿಯ ತಂದೆ ಫತೇ ಮಹಮ್ಮದರ ಗೋರಿ ಇರುವ ಮಕ್ಬರಾ ಅಲ್ಲಿದೆ. ಹೈದರ್ ಹುಟ್ಟಿದ್ದೂ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲೇ.

“ತಾತ, ಹೈದರಾಲಿ ಮೈಸೂರಿಗೆ ರಾಜನಾ?”

“ಪಟ್ಟದಲ್ಲಿದ್ದವರು ಒಡೆಯರು, ಆಳಿದವನು ಹೈದರ್” ಎಂದೆ. 1761ರಲ್ಲಿ ಅವನು ಅಧಿಕಾರ ಹಿಡಿದ ಮೇಲೆ ಒಡೆಯರು ಹೆಸರಿಗಷ್ಟೇ ಅರಸರು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಸುಲ್ತಾನ್ ಆ ಪಟ್ಟಕ್ಕೆ ಯಾರನ್ನೂ ಕೂರಿಸಲಿಲ್ಲ.

“ಮತ್ತೆ ಹೇಗೆ ಬಂದರು?”

ಇಂಗ್ಲೆಂಡಿನಲ್ಲೂ ಹೀಗೆ ಪಟ್ಟ ಹೋಗಿ ಬಂದದ್ದುಂಟು. ಪಾರ್ಲಿಮೆಂಟಿನ ಎದುರು ಯುದ್ಧದಲ್ಲಿ ಸೋತ ಒಂದನೇ ಚಾರ್ಲ್ಸ್ ದೊರೆಯ ತಲೆಯನ್ನು 1649ರಲ್ಲಿ ಕಡಿದರು. 11 ವರ್ಷ ಅಲ್ಲಿ ರಾಜನಿರಲಿಲ್ಲ. 1660ರಲ್ಲಿ ಪಾರ್ಲಿಮೆಂಟೇ ಅವನ ಮಗನನ್ನು ಕರೆಸಿಕೊಂಡಿತು. ಆದರೆ ಹಣ ಬೇಕಾದರೆ ಹೊಸ ದೊರೆ ಪಾರ್ಲಿಮೆಂಟಿನ ಮುಂದೆಯೇ ಕೈಚಾಚಬೇಕಿತ್ತು.

ನಮ್ಮಲ್ಲಿ ಪಟ್ಟ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿ. 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ. ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಅವರಿಗೆ ಐದು ತುಂಬಲು ಇನ್ನೂ ಎರಡು ವಾರವಿತ್ತು. ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕೊಡಬೇಕೆಂಬ ಕರಾರೂ ಜೊತೆಗಿತ್ತು.

“ಅಯ್ಯೋ, ನಮ್ಮ ಪುಟ್ಟನಷ್ಟು!” ಎಂದಳು. ಅವಳ ತಮ್ಮ ಇನ್ನೂ ಚಪ್ಪಲಿಯನ್ನು ಅದಲುಬದಲಾಗಿ ಹಾಕಿಕೊಳ್ಳುವವನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಗರದಲ್ಲಿ ರೈತರು ದಂಗೆಯೆದ್ದ ಮೇಲೆ, 1831ರಲ್ಲಿ ಆಂಗ್ಲರು ಆಡಳಿತವನ್ನು ತಾವೇ ವಹಿಸಿಕೊಂಡರು. ಅದನ್ನು ಹಿಂದಕ್ಕೆ ಕೊಡಿರೆಂದು ಮುಮ್ಮಡಿಯವರು ಬರೆದು ಬರೆದು ಕೇಳಿದರು. ಕೊನೆಗೂ ಕಾಣದೆ 1868ರಲ್ಲಿ ಕಣ್ಮುಚ್ಚಿದರು. ಆಡಳಿತ ಮರಳಿದ್ದು 1881ರ ಮಾರ್ಚ್ 25ರಂದು, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಪಟ್ಟ ಕಟ್ಟುವಾಗ ಆ ಹುಡುಗನನ್ನು ಯಾರೂ ಕೇಳಲಿಲ್ವಾ ತಾತ?”

“ಇಲ್ಲಮ್ಮ. ಕೋಲಾರ, ಮಾಲೂರು, ಶ್ರೀನಿವಾಸಪುರದ ರೈತರನ್ನೂ ಕೇಳಲಿಲ್ಲ. ಕಂದಾಯ ಮಾತ್ರ ಕೇಳಿದರು. ನಮ್ಮನ್ನು ಯಾರು ಆಳಬೇಕು ಅಂತ ಈಗ ವೋಟಿನಲ್ಲಿ ನಮ್ಮನ್ನೇ ಕೇಳುತ್ತಾರೆ.”

ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಏನಮ್ಮ ಅಂದರೆ, “ನನ್ನನ್ನು ಕೇಳೋಕೆ ಇನ್ನೂ ಎಂಟು ವರ್ಷ ಇದೆ” ಎಂದಳು.