ಮೆರಿ ತೊರೆಯ ಜೀರ್ಣೋದ್ಧಾರ

ಊರಿಗೆ ಸಮೀಪದ ಹಳ್ಳವೆಂದರೆ ಊರಿನ ಕೊಳೆಯನ್ನು ಹೊತ್ತುಹೋಗುವ ಮೋರಿ ಎಂಬ ಭಾವನೆಯು ನಮ್ಮ ಜನರಲ್ಲಿ ಆಳವಾಗಿ ಬೇರೂರಿರುವುದು. ಹಳ್ಳವು ಎಲ್ಲರದೂ ಆದುದರಿಂದ ಅದು ಯಾರದೂ ಅಲ್ಲ. ಪುರಸಭೆಯವರು ಇಲಾಖೆಯವರತ್ತ ಬೆರಳು ತೋರಿಸುವರು. ಇಲಾಖೆಯವರು ಪುರಸಭೆಯವರತ್ತ ಕೈಮಾಡುವರು. ಪೌರರಾದ ನಾವು ಇಬ್ಬರನ್ನೂ ನಿಂದಿಸಿ, ಮನೆಯ ಕಸದ ಬುಟ್ಟಿಯನ್ನು ಅಲ್ಲಿಯೇ ಬರಿದುಮಾಡಿ ಬರುವೆವು. ಇಂತಹುದೇ ದುರ್ಗತಿಗೆ ಇಳಿದಿದ್ದ ಒಂದು ತೊರೆಯನ್ನು ಅದರ ದಡದ ನಿವಾಸಿಗಳೇ ಗುದ್ದಲಿ ಹಿಡಿದು ಎತ್ತಿ ನಿಲ್ಲಿಸಿದ ವೃತ್ತಾಂತವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ. ಅದು ಆಸ್ಟ್ರೇಲಿಯಾ ದೇಶದ ಮೆಲ್ಬೋರ್ನ್ ನಗರದ ಮೆರಿ ತೊರೆ.

ನಗರದ ಉತ್ತರಕ್ಕೆ ವಾಲನ್ ಎಂಬ ಊರಿನ ಆಸುಪಾಸಿನಲ್ಲಿ ಹುಟ್ಟಿ, ಸುಮಾರು 70 ಕಿಲೋಮೀಟರು ಹರಿದು, ನಗರದ ಒಳಗೆ ಯಾರಾ ನದಿಯನ್ನು ಸೇರುವ ಈ ತೊರೆಯು ಗಾತ್ರದಲ್ಲಿ ದೊಡ್ಡದೇನೂ ಅಲ್ಲ. ಆ ನಾಡಿನ ಮೂಲನಿವಾಸಿಗಳಾದ ವುರುಂಜೆರಿ ಜನರ ಭಾಷೆಯಲ್ಲಿ ಅದರ ಹೆಸರಿಗೆ ಬಹಳ ಕಲ್ಲುಗಳುಳ್ಳದ್ದು ಎಂದರ್ಥ. ಅದರ ದಡದಲ್ಲಿ ಅವರು ಮೀನು ಹಿಡಿದರು. ಬಯಲಿನಲ್ಲಿ ಅವರ ಹೆಂಗಸರು ಮರ್ನಾಂಗ್ ಎಂಬ ಹಳದಿ ಹೂವಿನ ಗಿಡದ ಗೆಡ್ಡೆಯನ್ನು ಅಗೆದು ಸಂಸಾರವನ್ನು ಪೋಷಿಸಿದರು. 1835ನೆಯ ಇಸವಿ ಜೂನ್ ತಿಂಗಳಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತನು ಕಂಬಳಿ, ಚಾಕು, ಕೊಡಲಿ, ಹಿಟ್ಟು ಮುಂತಾದುವನ್ನು ಕೊಟ್ಟು ಆ ಜನರಿಂದ ಲಕ್ಷಾಂತರ ಎಕರೆ ಭೂಮಿಯನ್ನು ಬರೆಯಿಸಿಕೊಂಡನು. ಆ ಕರಾರು ನಡೆದದ್ದು ಈ ತೊರೆಯ ದಡದಲ್ಲಿಯೇ ಎಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ಅದೇ ವರ್ಷ ಗವರ್ನರನು ಕರಾರನ್ನು ಅಸಿಂಧುವೆಂದು ಘೋಷಿಸಿದನು. ಭೂಮಿಯು ಮೂಲನಿವಾಸಿಗಳಿಗೆ ಸೇರಿದ್ದೆಂಬ ಕಾರಣದಿಂದಲ್ಲ, ಬ್ರಿಟಿಷ್ ಪ್ರಭುತ್ವಕ್ಕೇ ಸೇರಿದ್ದೆಂಬ ಕಾರಣದಿಂದ! ಇಂತಹ ನ್ಯಾಯದ ರುಚಿಯನ್ನು ನಮ್ಮ ದೇಶವೂ ಕಂಡಿರುವುದರಿಂದ ಹೆಚ್ಚಿನ ವ್ಯಾಖ್ಯಾನವು ಅನಾವಶ್ಯಕ.

ಜನರು ಹೋದ ಮೇಲೆ ಗಿಡಮರಗಳ ಸರದಿ ಬಂದಿತು. ಕುರಿಮಂದೆಗಳು ಮರ್ನಾಂಗನ್ನು ಬೇರುಸಹಿತ ತಿಂದು ಮುಗಿಸಿದುವು. ದಡದ ಕಪ್ಪುಕಲ್ಲನ್ನು ಒಡೆದು ನಗರದ ಕಟ್ಟಡಗಳನ್ನು ಕಟ್ಟಿದರು. ಕಲ್ಲು ತೆಗೆದ ಕುಳಿಗಳಿಗೆ ನಗರದ ಕಸವನ್ನು ತುಂಬಿದರು. ವಲಸೆ ಬಂದವರು ತವರಿನ ನೆನಪಿಗೆಂದು ತಂದ ವಿಲೋ ಮರಗಳು ನೀರಿನೊಳಕ್ಕೆ ಬೇರುಚಾಚಿ ಪಾತ್ರವನ್ನೇ ಬಿಗಿದುವು. ಬ್ಲ್ಯಾಕ್‌ಬೆರಿ ಮುಳ್ಳುಪೊದೆಯು ದಡವನ್ನು ಮುಚ್ಚಿತು. ಸಾಲದುದಕ್ಕೆ, 1969ರ ಸಾರಿಗೆ ಯೋಜನೆಯು ತೊರೆಯ ಕಣಿವೆಯನ್ನೇ ಹೆದ್ದಾರಿಯ ದಾರಿಯೆಂದು ನಕ್ಷೆಯಲ್ಲಿ ಗುರುತುಮಾಡಿತು.

ಈ ಸ್ಥಿತಿಯಲ್ಲಿ ತೊರೆಯ ಕೈಹಿಡಿದವರು ಯಾರು? 1982ರಲ್ಲಿ ಬ್ರನ್ಸ್‌ವಿಕ್ ಬಡಾವಣೆಯ ಕೆಲವರು, ದಡದ ಮೇಲೆ ಕಲ್ಲುಗಣಿಯಾಗಿದ್ದು ಅನಂತರ ಕಸದ ಗುಂಡಿಯಾಗಿದ್ದ ನೆಲವನ್ನು ಪಡೆದು, ಸೀರೀಸ್ ಎಂಬ ಉದ್ಯಾನವನ್ನು ಆರಂಭಿಸಿದರು. 1988ರಲ್ಲಿ ಮೆರಿ ತೊರೆಯ ಮಿತ್ರರು ಎಂಬ ಸಂಘವು ಹುಟ್ಟಿತು. ಮರುವರ್ಷವೇ ದಡದ ಪುರಸಭೆಗಳೂ ಈ ಮಿತ್ರರೂ ಕೂಡಿದ ಒಂದು ನಿರ್ವಹಣ ಸಮಿತಿಯು ಏರ್ಪಟ್ಟಿತು. ತೊರೆಯು ಹಲವು ಪುರಸಭೆಗಳ ಎಲ್ಲೆಗಳನ್ನು ದಾಟಿ ಹರಿಯುವುದು. ನೀರಿಗೆ ಎಲ್ಲೆಯಿಲ್ಲವೆಂಬ ಸಾಮಾನ್ಯ ಸಂಗತಿಯನ್ನು ಅಧಿಕಾರಿವರ್ಗವು ಒಪ್ಪಿಕೊಂಡು ಒಂದೇ ಚಾಪೆಯ ಮೇಲೆ ಕುಳಿತುದೇ ಮೊದಲನೆಯ ಜಯವೆಂದು ನಾವು ಎಣಿಸುತ್ತೇವೆ. ಬಿಡುವಿನ ದಿನಗಳಲ್ಲಿ ಊರಿನ ಗಂಡಸರೂ ಹೆಂಗಸರೂ ಮಕ್ಕಳೂ ದಡಕ್ಕೆ ಬಂದು ಕಸವನ್ನು ಆಯ್ದರು, ಕಳೆಯನ್ನು ಕಿತ್ತರು, ಸಸಿಯನ್ನು ನೆಟ್ಟರು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯು ಅಲ್ಲಿ ಅಕ್ಷರಶಃ ನಿಜವಾಯಿತು.

ಆದರೆ ಉತ್ಸಾಹವೊಂದೇ ಸಾಲದು. ಕೆಲಸಕ್ಕೆ ಕ್ರಮವು ಬೇಕು. ಆ ದೇಶದಲ್ಲಿ ಈ ಕ್ರಮಕ್ಕೆ ದಾರಿತೋರಿದವರು ಸಿಡ್ನಿ ನಗರದ ಜೋನ್ ಹಾಗೂ ಐಲೀನ್ ಬ್ರಾಡ್ಲಿ ಎಂಬ ಸೋದರಿಯರು. 1960ರ ದಶಕದಲ್ಲಿ ತಮ್ಮ ಮನೆಯ ಹತ್ತಿರದ ಕಾಡಿನಲ್ಲಿ ಕಳೆ ಕೀಳುತ್ತ ಅವರು ಮೂರು ನಿಯಮಗಳನ್ನು ಕಂಡುಕೊಂಡರು. ಒಳ್ಳೆಯ ಕಾಡು ಉಳಿದಿರುವ ಎಡೆಯಿಂದ ಹೊರಟು ಕೆಟ್ಟಿರುವ ಎಡೆಯತ್ತ ಸಾಗಬೇಕು. ಮಣ್ಣನ್ನು ಆದಷ್ಟು ಕಡಮೆ ಕೆದಕಬೇಕು. ನಾಡಗಿಡಗಳು ತಾವಾಗಿ ಎದ್ದು ತುಂಬಿಕೊಳ್ಳುವಷ್ಟೇ ವೇಗದಲ್ಲಿ ಕಳೆಯನ್ನು ಕೀಳಬೇಕು. ಕೆಟ್ಟ ಜಾಗದ ಮೇಲೆ ಮೊದಲು ಬೀಳುವುದೇ ಶೌರ್ಯವೆಂದು ತಿಳಿಯುವ ನಮಗೆ ಇದು ವಿಚಿತ್ರವಾಗಿ ತೋರಬಹುದು. ಒಂದೇ ದಿನ ಬೋಳಿಸಿದ ನೆಲದಲ್ಲಿ ಮರುಮಳೆಗೆ ಏಳುವುದು ಮತ್ತೆ ಕಳೆಯೇ ಎಂಬುದನ್ನು ನಮ್ಮ ರೈತರು ಬಲ್ಲರು.

ವಿಲೋ ಮರದ ವಿಷಯವನ್ನೇ ನೋಡಿರಿ. ಶರತ್ಕಾಲದಲ್ಲಿ ಅದು ಎಲೆಗಳನ್ನೆಲ್ಲ ಒಮ್ಮೆಲೇ ಉದುರಿಸುವುದು. ಅವು ನೀರಿನಲ್ಲಿ ಕೊಳೆತು ಜಲಚರಗಳ ಉಸಿರನ್ನು ಕಟ್ಟುವುವು. ಆ ನಾಡಿನದೇ ಆದ ರೆಡ್ ಗಮ್ ಮರವು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಎಲೆಯುದುರಿಸುವುದರಿಂದ ನೀರಿನ ಜೀವಿಗಳಿಗೆ ಹದವರಿತ ಆಹಾರವು ಒದಗುವುದು. ಹಾಗೆಂದು ವಿಲೋಗಳನ್ನೆಲ್ಲ ಒಮ್ಮೆಗೇ ಉರುಳಿಸಿದರೆ ದಡವೇ ಕುಸಿಯುವುದು. ಆದುದರಿಂದ ಹಂತಹಂತವಾಗಿ ತೆಗೆದು, ತೆರವಾದೆಡೆ ನಾಡಮರದ ಬೇರನ್ನು ಇಳಿಸಬೇಕು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣುಹಾಕಿಕೊಳ್ಳಬೇಕೆ ಎಂಬ ಗಾದೆಯು ನಮ್ಮಲ್ಲುಂಟಷ್ಟೆ. ಅಜ್ಜಂದಿರು ಪ್ರೀತಿಯಿಂದ ನೆಟ್ಟುದನ್ನು ಮೊಮ್ಮಕ್ಕಳು ವಿವೇಕದಿಂದ ಕಡಿಯುವುದಕ್ಕೂ ಒಂದು ಬಗೆಯ ಧೈರ್ಯವು ಬೇಕು.

ತೊರೆಯ ಮೇಲ್ಭಾಗದ ಹುಲ್ಲುಗಾವಲಿನ ಕಥೆಯು ಇನ್ನೂ ಸೂಕ್ಷ್ಮವಾದುದು. ಒಂದು ಕಾಲದಲ್ಲಿ ಮೈಲುಗಟ್ಟಲೆ ಹರಡಿದ್ದ ಆ ಸೀಮೆಯ ನಾಡಹುಲ್ಲುಗಾವಲಿನಲ್ಲಿ ಇಂದು ನೂರಕ್ಕೆ ಎರಡು ಪಾಲೂ ಉಳಿದಿಲ್ಲ. ಅಲ್ಲಿ ಬೆಳೆಯುವ ಕಾಂಗರೂ ಹುಲ್ಲು ನಮ್ಮ ದೇಶದ ಬಯಲುಗಳಲ್ಲಿಯೂ ಬೆಳೆಯುವ ಜಾತಿಯೇ. ಅದು ಮುದಿಯಾಗಿ ದಟ್ಟೈಸಿದರೆ ಸಣ್ಣ ಹೂಗಿಡಗಳು ಉಸಿರುಗಟ್ಟುವುವು. ಆದುದರಿಂದ ತಕ್ಕ ಕಾಲದಲ್ಲಿ ಹದವಾದ ಬೆಂಕಿಯನ್ನಿಡಬೇಕು. ಈ ವಿದ್ಯೆಯನ್ನು ಸಾವಿರಾರು ವರ್ಷ ಬಲ್ಲವರು ವುರುಂಜೆರಿಗಳು. ಇಂದು ಅವರ ಸಂತತಿಯವರೇ ಮತ್ತೆ ಬಂದು ಹುಲ್ಲಿಗೆ ಬೆಂಕಿಯಿಡುವ ಕೆಲಸದಲ್ಲಿ ಕೈಗೂಡಿಸಿದ್ದಾರೆ. ಆ ಬಯಲಿನ ನಾಡಹುಲ್ಲುಗಳ ಬೇರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನದೆ ಕೆಲವೇ ದಿನ ಬದುಕುವ ಹೊನ್ನಬಣ್ಣದ ಪತಂಗವೊಂದುಂಟು. ಚಿಲಿ ದೇಶದಿಂದ ಬಂದ ಸೂಜಿಹುಲ್ಲೆಂಬ ಕಳೆಯಲ್ಲಿಯೂ ಅದರ ಮರಿಗಳು ಬದುಕುವುದು ಕಂಡುಬಂದಿದೆ. ಪರದೇಶದ ಕಳೆಯೆಂದು ಕಣ್ಣುಮುಚ್ಚಿ ಕಿತ್ತರೆ, ಉಳಿಸಬೇಕಾದ ಜೀವವೇ ನಾಶವಾದೀತು. ಕೀಳುವ ಕೈಗಿಂತ ಮೊದಲು ನೋಡುವ ಕಣ್ಣು ಬೇಕು.

ಫಲವೇನಾಯಿತು ಎಂದು ಕೇಳುವವರಿಗೆ ಒಂದು ಹಕ್ಕಿಯೇ ಉತ್ತರ. ಬಹುಕಾಲ ಕಾಣದಿದ್ದ ಒಂದು ಜಾತಿಯ ಮಿಂಚುಳ್ಳಿಯು ದಡದಲ್ಲಿ ಮರಗಳೆದ್ದ ಮೇಲೆ ಹಿಂದಿರುಗಿತು. 1994ರಿಂದ ಊರವರು ಅದರ ಆಗಮನವನ್ನೇ ಹಬ್ಬವಾಗಿ ಆಚರಿಸತೊಡಗಿದರು. 2022ರಲ್ಲಿ, ಮೋರ್‌ಲ್ಯಾಂಡ್ ಎಂಬ ಹೆಸರು ಜಮೈಕಾ ದ್ವೀಪದಲ್ಲಿ ಗುಲಾಮರನ್ನು ದುಡಿಸಿದ ತೋಟದ ಹೆಸರೆಂದು ಅರಿತ ಅಲ್ಲಿನ ಪುರಸಭೆಯು ಅದನ್ನು ಬಿಟ್ಟು, ಕಲ್ಲುಗಳ ನಾಡೆಂಬ ಅರ್ಥದ ಮೆರಿ-ಬೆಕ್ ಎಂಬ ಮೂಲಭಾಷೆಯ ಹೆಸರನ್ನು ಧರಿಸಿತು. ಎಲ್ಲವೂ ಸರಿಹೋಯಿತೆಂದು ನಾವು ಹೇಳುತ್ತಿಲ್ಲ. ಮಾಳಿಗೆ ರಸ್ತೆಗಳ ಮಳೆನೀರು ಈಗಲೂ ಎಣ್ಣೆ ಕೊಳೆಗಳನ್ನು ತೊರೆಗೆ ತರುತ್ತಿದೆ; ನಗರವು ಉತ್ತರದ ಬಯಲನ್ನು ನುಂಗುತ್ತಿದೆ. ಹಕ್ಕಿ ಗೂಡುಕಟ್ಟುವಂತಹ ಪೊಟರೆಯು ಗಮ್ ಮರದಲ್ಲಿ ಮೂಡಲು ನೂರು ವರ್ಷ ಹಿಡಿಯುವುದು. ಇಂದು ಸಸಿ ನೆಡುವಾತನು ಆ ಪೊಟರೆಯನ್ನು ಕಾಣಲಾರನು, ಅದನ್ನರಿತೂ ನೆಡುತ್ತಾನೆ.

ಈಗ ನಮ್ಮ ಕಡೆಗೆ ಬರೋಣ. ಅಲ್ಲಿ ದಡವನ್ನು ಕಾಯುವ ರೆಡ್ ಗಮ್ಮು ನಾವು ನೀಲಗಿರಿಯೆನ್ನುವ ಮರದ ಕುಲದ್ದೇ. ಆ ಕುಲವು ಸುಮಾರು 1790ರಲ್ಲಿ ಟೀಪೂ ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುತ್ತಾರೆ. ಅನಂತರ ನಮ್ಮ ಬಯಲುಸೀಮೆಯಲ್ಲಿ ಅದು ಹಬ್ಬಿ, ಅಂತರ್ಜಲವನ್ನು ಹೀರುತ್ತಿದೆಯೆಂಬ ಕೂಗೆದ್ದು, 2017ರಲ್ಲಿ ಕರ್ನಾಟಕ ಸರಕಾರವು ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅಲ್ಲಿ ಅಮೃತವಾದುದು ಇಲ್ಲಿ ಆಕ್ಷೇಪಾರ್ಹವಾಯಿತು. ಗುಣದೋಷಗಳು ಮರದಲ್ಲಿಲ್ಲ, ನೆಲಕ್ಕೂ ಮರಕ್ಕೂ ಇರುವ ಸಂಬಂಧದಲ್ಲಿವೆ. ನಾವು ಬಳ್ಳಾರಿಯ ಹೆಸರಿಟ್ಟು ಕರೆಯುವ ಜಾಲಿಯೂ ಅಮೆರಿಕಾ ಖಂಡದಿಂದ ಬಂದುದೇ, ಹೆಸರಿನಿಂದಲೇ ಸ್ವದೇಶಿಯಾಗುವುದಿಲ್ಲ.

1950ರಲ್ಲಿ ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಾವು ವರ್ಷವರ್ಷವೂ ಸಸಿಗಳನ್ನು ನೆಡುತ್ತ ಬಂದಿದ್ದೇವೆ. ಗಣ್ಯರು ನೀರೆರೆಯುವರು, ಛಾಯಾಚಿತ್ರವು ಅಚ್ಚಾಗುವುದು, ಅದನ್ನು ಅಚ್ಚುಮಾಡಿದ ಪಾಪದಲ್ಲಿ ನಮ್ಮಂತಹ ಪತ್ರಿಕೆಗಳವರಿಗೂ ಪಾಲುಂಟು. ಬೇಸಗೆಯಲ್ಲಿ ಆ ಸಸಿಗೆ ನೀರೆರೆದವರು ಯಾರೆಂದು ನಾವು ಕೇಳಿದುದು ಅಪರೂಪ. ನೆಟ್ಟುದು ಆ ದಡಕ್ಕೆ ಸಲ್ಲುವ ಹೊಂಗೆಯೋ, ನೇರಳೆಯೋ, ಹೊಳೆಮತ್ತಿಯೋ, ಲಕ್ಕಿಯೋ ಎಂದು ವಿಚಾರಿಸಿದುದು ಇನ್ನೂ ಅಪರೂಪ.

ಪ್ರತಿ ಊರಿಗೂ ಒಂದು ಹಳ್ಳವುಂಟು. ಅದರ ದಡದಲ್ಲಿ ಹಿಂದೆ ಏನು ಬೆಳೆಯುತ್ತಿತ್ತೆಂದು ಹೇಳಬಲ್ಲ ಮುದುಕರು ಇನ್ನೂ ಕೆಲವರು ಇದ್ದಾರೆ. ಅಧಿಕಾರಿಗಳು ಅಪ್ಪಣೆಯನ್ನೂ ಗುದ್ದಲಿಯನ್ನೂ ಒದಗಿಸಲಿ. ಪೌರರು ವಾರಕ್ಕೆ ಒಂದು ಬೆಳಗನ್ನು ಒದಗಿಸಲಿ. ಆ ಮುದುಕರು ಹಾದಿ ತೋರಲಿ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲವೆಂಬುದನ್ನು ಮಾತ್ರ ನಾವು ಮರೆಯದಿರೋಣ.