ಟ್ರೇಲರ್ ಜಾಕ್ ಚಕ್ರ

ಟ್ರೇಲರ್ ಜಾಕ್ ಚಕ್ರವು ಎರಡು ಚಕ್ರಗಳ ಟ್ರೇಲರಿನ ಮೂಕಿಯಲ್ಲಿರುವ ಜಾಕಿನ ಕೆಳತುದಿಗೆ ಜೋಡಿಸುವ ಸಣ್ಣ ಚಕ್ರ. ಟ್ರ್ಯಾಕ್ಟರಿನಿಂದ ಬಿಡಿಸಿದ ಖಾಲಿ ಟ್ರೇಲರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಕೈಯಿಂದಲೇ ಸರಿಸಲು ಮತ್ತು ತಿರುಗಿಸಲು ಇದು ನೆರವಾಗುತ್ತದೆ. ಇದನ್ನು ಜಾಕಿ ಚಕ್ರವೆಂದೂ ಕರೆಯುತ್ತಾರೆ.

ಹಿನ್ನೆಲೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಕಬ್ಬು, ತೊಗರಿ, ಜೋಳ, ಗೊಬ್ಬರ ಮೊದಲಾದವುಗಳ ಸಾಗಣೆಗೆ ಟ್ರ್ಯಾಕ್ಟರ್ ಟ್ರೇಲರುಗಳು ಬಳಕೆಯಲ್ಲಿವೆ. ಎತ್ತಿನ ಬಂಡಿಯ ಕೊಳ್ಳು ಹರಿದಾಗ ಮೂಕಿ ನೆಲಕ್ಕೆ ಬಾಗದಂತೆ ಕಟ್ಟಿಗೆಯ ಊರುಗೋಲು ಕೊಡುವುದು ಹಳೆಯ ರೂಢಿ. ಟ್ರೇಲರಿನ ಜಾಕ್ ಅದೇ ಕೆಲಸವನ್ನು ಮಾಡುತ್ತದೆ. ಆದರೆ ಊರುಗೋಲಿನಂತೆ ಚಪ್ಪಟೆ ಪಾದದ ಜಾಕ್ ಕೂಡ ಭಾರವನ್ನು ಹೊರುತ್ತದೆಯೇ ಹೊರತು ಚಲಿಸುವುದಿಲ್ಲ. ಹುಕ್ಕಿಗೂ ಟ್ರ್ಯಾಕ್ಟರಿಗೂ ನಾಲ್ಕು ಬೆರಳು ಅಂತರ ಉಳಿದರೂ ಮೂಕಿಯನ್ನು ಎತ್ತಿ ಎಳೆಯಬೇಕಾಗುತ್ತದೆ. ಸೊಂಟ ಉಳುಕುವುದು, ಬೆರಳು ಜಜ್ಜುವುದು ಇಂತಹ ಸಮಯದಲ್ಲಿಯೇ. ನಾಲ್ಕು ಚಕ್ರಗಳ ಟ್ರೇಲರಿನ ಭಾರವನ್ನು ಎರಡು ಅಚ್ಚುಗಳು ಹೊರುವುದರಿಂದ ಅದಕ್ಕೆ ಈ ಚಕ್ರದ ಅಗತ್ಯವಿಲ್ಲ.

ರಚನೆ

ಜಾಕಿನಲ್ಲಿ ಒಂದರೊಳಗೊಂದು ಜಾರುವ ಎರಡು ಉಕ್ಕಿನ ಕೊಳವೆಗಳೂ ಅವುಗಳ ನಡುವೆ ಉದ್ದನೆಯ ತಿರುಪೂ ಇರುತ್ತವೆ. ಹಿಡಿಕೆಯನ್ನು ತಿರುಗಿಸಿದಾಗ ಒಳಕೊಳವೆ ಮೇಲೆ ಕೆಳಗೆ ಸರಿಯುತ್ತದೆ. ಇದರ ತುದಿಯಲ್ಲಿ ಪಾದದ ಬದಲು ಕವಲೊಂದನ್ನು ಕೂರಿಸಿ, ಅದರಲ್ಲಿ ಚಕ್ರವನ್ನು ಅಳವಡಿಸುತ್ತಾರೆ. ಕವಲು ಸುತ್ತಲೂ ತಿರುಗುವಂತಿದ್ದರೆ ಮೂಕಿಯನ್ನು ಬೇಕಾದ ದಿಕ್ಕಿಗೆ ಹೊರಳಿಸಬಹುದು.

ಭಾರದ ಲೆಕ್ಕ

ಟ್ರೇಲರಿನ ತೂಕದ ಹೆಚ್ಚಿನ ಪಾಲನ್ನು ಅಚ್ಚು ಹೊರುತ್ತದೆ. ಉಳಿದದ್ದು ಜಾಕಿನ ಮೇಲೆ ಬೀಳುತ್ತದೆ. ಉದಾಹರಣೆಗೆ, 1,000 ಕಿಲೋಗ್ರಾಂ ತೂಕದ ಖಾಲಿ ಟ್ರೇಲರಿನ ಗುರುತ್ವ ಕೇಂದ್ರ ಅಚ್ಚಿನಿಂದ 0.3 ಮೀಟರ್ ಮುಂದೆಯೂ ಜಾಕ್ 3 ಮೀಟರ್ ಮುಂದೆಯೂ ಇದ್ದರೆ, ಜಾಕಿನ ಮೇಲಿನ ಭಾರ 1,000 × 0.3 ÷ 3, ಅಂದರೆ 100 ಕಿಲೋಗ್ರಾಂ. ಸರಕು ತುಂಬಿ ಒಟ್ಟು ತೂಕ 5,000 ಕಿಲೋಗ್ರಾಂ ಆದಾಗ, ಗುರುತ್ವ ಕೇಂದ್ರ ಅಲ್ಲಿಯೇ ಇದ್ದರೆ, ಈ ಭಾರ 500 ಕಿಲೋಗ್ರಾಂ ಆಗುತ್ತದೆ. ಸರಕನ್ನು ಮುಂದಕ್ಕೆ ಹೇರಿದಷ್ಟೂ ಅದು ಇನ್ನೂ ಹೆಚ್ಚುತ್ತದೆ. ಆದುದರಿಂದ ಜಾಕ್, ಕವಲು ಮತ್ತು ಚಕ್ರ ಮೂರೂ ಗರಿಷ್ಠ ಭಾರವನ್ನು ತಾಳುವಂತಿರಬೇಕು.

ಜೋಡಣೆ

ಪಾದದ ಬದಲು ಚಕ್ರ ಬಂದಾಗ ಜಾಕಿನ ಎತ್ತರ ಹೆಚ್ಚುತ್ತದೆ. ಜಾಕನ್ನು ಪೂರ್ತಿ ಇಳಿಸಿದಾಗಲೂ ಮೂಕಿ ಟ್ರ್ಯಾಕ್ಟರಿನ ಹುಕ್ಕಿಗಿಂತ ಮೇಲೆಯೇ ಉಳಿದರೆ ಜೋಡಣೆ ಸಾಧ್ಯವಾಗದು. ಇದನ್ನು ಮೊದಲೇ ಅಳೆದು ನೋಡಬೇಕು. ಟ್ರ್ಯಾಕ್ಟರಿಗೆ ಕಟ್ಟಿದ ಬಳಿಕ ಜಾಕನ್ನು ಮೇಲಕ್ಕೆ ಮಡಚಿ ಪಿನ್ ಹಾಕದಿದ್ದರೆ, ದಾರಿಯ ಉಬ್ಬಿಗೆ ತಾಗಿ ಚಕ್ರ ಮುರಿಯುತ್ತದೆ.

ನೆಲದ ಗುಣ

ಈ ತಾಲ್ಲೂಕುಗಳ ಎರೆ ಭೂಮಿ ಮಳೆಗೆ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕಿರಿದಾದ ಗಟ್ಟಿ ಚಕ್ರ ಹಸಿ ನೆಲದಲ್ಲಿ ಹೂತುಹೋಗುತ್ತದೆ, ಒಣ ನೆಲದಲ್ಲಿ ಬಿರುಕಿಗೆ ಸಿಕ್ಕಿಬೀಳುತ್ತದೆ. ಅಗಲವಾದ, ದೊಡ್ಡ ವ್ಯಾಸದ ಚಕ್ರ ಇಲ್ಲಿಗೆ ಹೆಚ್ಚು ಸೂಕ್ತ. ಕೆಳಗೆ ದಪ್ಪ ಹಲಗೆ ಹಾಸುವುದೂ ಉಪಯುಕ್ತ.

ಸುರಕ್ಷತೆ

ಚಪ್ಪಟೆ ಪಾದ ನೆಲವನ್ನು ಕಚ್ಚಿ ಹಿಡಿದು ಟ್ರೇಲರನ್ನು ಸ್ವಲ್ಪಮಟ್ಟಿಗಾದರೂ ತಡೆಯುತ್ತದೆ. ಚಕ್ರ ಕೂರಿಸಿದಾಗ ಈ ತಡೆ ಇಲ್ಲವಾಗುತ್ತದೆ. 20 ಮೀಟರಿಗೆ 1 ಮೀಟರ್ ಇಳಿಯುವ ನೆಲದಲ್ಲಿ 1,000 ಕಿಲೋಗ್ರಾಂ ಟ್ರೇಲರನ್ನು ಸುಮಾರು 50 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಕೆಳಕ್ಕೆ ಎಳೆಯುತ್ತದೆ. ಒಮ್ಮೆ ಓಡತೊಡಗಿದ ಮೇಲೆ ಅದನ್ನು ಕೈಯಿಂದ ನಿಲ್ಲಿಸುವುದು ಕಷ್ಟ. ಆದ್ದರಿಂದ ಹುಕ್ಕಿನಿಂದ ಬಿಡಿಸುವ ಮೊದಲೇ ಎರಡೂ ದೊಡ್ಡ ಚಕ್ರಗಳಿಗೆ ಹಿಂದೆ ಮುಂದೆ ಅಡೆಕಲ್ಲು ಇಡಬೇಕು. ತುಂಬಿದ ಟ್ರೇಲರನ್ನು ಮತ್ತು ಇಳಿಜಾರಿನಲ್ಲಿರುವ ಯಾವುದೇ ಟ್ರೇಲರನ್ನು ಕೈಯಿಂದ ಸರಿಸಬಾರದು. ಜಾಕಿನ ಆಧಾರವೊಂದನ್ನೇ ನಂಬಿ ಟ್ರೇಲರಿನ ಕೆಳಗೆ ನುಸುಳುವುದು ಅಪಾಯಕರ. ಟ್ರೇಲರ್ ಸರಿಸುವಾಗ ಮಕ್ಕಳನ್ನು ದೂರವಿರಿಸಬೇಕು.