ಫಿಲಡೆಲ್ಫಿಯಾದ ಸ್ಟೇಕ್ ಸ್ಯಾಂಡ್‌ವಿಚ್ಚು

ರೊಟ್ಟಿಯ ಎರಡು ತುಂಡುಗಳ ನಡುವೆ ಮಾಂಸವನ್ನಿಟ್ಟು ತಿನ್ನುವ ಪದ್ಧತಿಗೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಯಾಂಡ್‌ವಿಚ್ ಎಂಬ ಹೆಸರು ಬಂದಿತು. ಅದು ಸ್ಯಾಂಡ್‌ವಿಚ್ಚಿನ ನಾಲ್ಕನೆಯ ಅರ್ಲ್ ಆಗಿದ್ದ ಜಾನ್ ಮಾಂಟೆಗುವಿನಿಂದ ಬಂದ ಹೆಸರು. ಜೂಜಿನ ಮೇಜನ್ನು ಬಿಟ್ಟೇಳಲಾರದೆ ಆತನು ಹಾಗೆ ತಿಂದನೆಂದು ಕೆಲವರೂ, ಕಚೇರಿಯ ಕಾಗದಪತ್ರಗಳನ್ನು ಬಿಟ್ಟೇಳಲಾರದೆ ತಿಂದನೆಂದು ಕೆಲವರೂ ಹೇಳುವರು. ಹೇಗಾದರೂ ಆಗಲಿ, ತಟ್ಟೆ ಚೂರಿಗಳ ಗೊಡವೆಯಿಲ್ಲದೆ ಕೈಯಲ್ಲಿ ಹಿಡಿದು ತಿನ್ನಬಹುದೆಂಬುದೇ ಆ ತಿನಿಸಿನ ಮುಖ್ಯ ಗುಣ. ಸ್ಟೇಕ್ ಎಂಬುದಾದರೋ ದಪ್ಪನಾಗಿ ಕೊಯ್ದು ಬೆಂಕಿಯಲ್ಲಿ ಸುಟ್ಟ ಗೋಮಾಂಸದ ತುಂಡು. ಅದನ್ನು ತಟ್ಟೆಯಲ್ಲಿಟ್ಟು ಹರಿತವಾದ ಚೂರಿಯಿಂದ ಕೊಯ್ದುಕೊಂಡು ತಿನ್ನುವುದು ಕ್ರಮ. ಚೂರಿಯಿಲ್ಲದೆ ತಿನ್ನಬೇಕಾದುದರೊಳಗೆ ಚೂರಿಯಿಲ್ಲದೆ ತಿನ್ನಲಾಗದುದನ್ನು ತುಂಬಿದರೆ ಏನಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಮ್ಮೆ ಕಚ್ಚಿದೊಡನೆ ಮಾಂಸವು ಇಡಿಯಾಗಿ ಹಲ್ಲಿನೊಡನೆ ಹೊರಬರುವುದು. ಕೈಯಲ್ಲಿ ಉಳಿಯುವುದು ನೆನೆದು ಮೆತ್ತಗಾದ ಬರಿಯ ರೊಟ್ಟಿ. ಬೆಲೆಬಾಳುವ ಮಾಂಸವನ್ನು ತಂದು ಮನೆಯಲ್ಲಿ ಈ ತಿನಿಸನ್ನು ಮಾಡಹೊರಟವರು ಬಹುಮಟ್ಟಿಗೆ ನಿರಾಶರಾಗುವುದು ಇಲ್ಲಿಯೇ.

ಈ ತೊಡಕನ್ನು ಚೆನ್ನಾಗಿ ಬಿಡಿಸಿದ ಊರು ಅಮೆರಿಕಾ ಸಂಯುಕ್ತ ಸಂಸ್ಥಾನದ ಫಿಲಡೆಲ್ಫಿಯಾ. ಆ ನಗರದ ದಕ್ಷಿಣ ಭಾಗದಲ್ಲಿ, ಇಟಲಿಯಿಂದ ವಲಸೆ ಬಂದವರ ಮಾರುಕಟ್ಟೆಯ ಬಳಿ, ಪ್ಯಾಟ್ ಒಲಿವಿಯೆರಿ ಎಂಬಾತನು ಸಾಸೇಜನ್ನು ರೊಟ್ಟಿಯಲ್ಲಿಟ್ಟು ಮಾರುತ್ತಿದ್ದನು. 1930ರಲ್ಲಿ, ಎಂದರೆ ಆರ್ಥಿಕ ಮುಗ್ಗಟ್ಟಿನ ಆರಂಭದ ದಿನಗಳಲ್ಲಿ, ಆತನು ತನ್ನ ಊಟಕ್ಕೆಂದು ಸ್ವಲ್ಪ ಗೋಮಾಂಸವನ್ನು ತರಿಸಿ, ಕಾವಲಿಯ ಮೇಲೆ ಈರುಳ್ಳಿಯೊಡನೆ ಹುರಿದು, ಉದ್ದನೆಯ ರೊಟ್ಟಿಯೊಳಗೆ ತುಂಬಿಕೊಂಡನಂತೆ. ಎಂದಿನಂತೆ ಬಂದ ಟ್ಯಾಕ್ಸಿ ಚಾಲಕನೊಬ್ಬನು ಅದರ ವಾಸನೆಗೆ ಸೋತು ತನಗೂ ಅದನ್ನೇ ಕೊಡಬೇಕೆಂದನಂತೆ. ಇದು ಆ ಅಂಗಡಿಯವರೇ ಹೇಳಿಕೊಂಡು ಬಂದಿರುವ ಕಥೆ. ಇಂದು ಅದನ್ನು ಚೀಸ್‌ಸ್ಟೇಕ್ ಎಂದು ಕರೆಯುವರಾದರೂ ಮೊದಲ ವರ್ಷಗಳಲ್ಲಿ ಅದರಲ್ಲಿ ಚೀಸು ಇರಲೇ ಇಲ್ಲ. 1966ರಲ್ಲಿ ಎದುರುಗಡೆಯೇ ಜೀನೋಸ್ ಎಂಬ ಮತ್ತೊಂದು ಅಂಗಡಿ ತೆರೆಯಿತು. ಇವೆರಡರಲ್ಲಿ ಯಾವುದು ಮೇಲೆಂಬ ವಾದ ಅಲ್ಲಿನ ಜನರಿಗೆ ಇನ್ನೂ ಬೇಸರ ತಂದಿಲ್ಲ.

ಗೋಮಾಂಸದ ಪ್ರಸ್ತಾಪವನ್ನೇ ಮೆಚ್ಚದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರುವರೆಂಬುದನ್ನು ನಾವು ಬಲ್ಲೆವು. ಆದರೆ ಒಂದು ಊರಿನ ಅಡುಗೆಯನ್ನು ಆ ಊರಿನವರು ಮಾಡುವಂತೆಯೇ ಹೇಳದಿದ್ದರೆ ವಿಷಯಕ್ಕೆ ನ್ಯಾಯ ಸಲ್ಲದು. ಮುಂದೆ ಹೇಳುವ ಮಾತುಗಳಲ್ಲಿ ಬಹುಪಾಲು ಕೋಳಿಯ ಮಾಂಸಕ್ಕೂ, ಬೆಂಕಿಯ ವಿಷಯದಲ್ಲಿ ಹೇಳುವುದು ಅಣಬೆಗೂ ಸಲ್ಲುತ್ತದೆ. ಫಿಲಡೆಲ್ಫಿಯಾದಲ್ಲಿಯೇ ಕೋಳಿಯ ಬಗೆಯೂ ಅಣಬೆಯ ಬಗೆಯೂ ಧಾರಾಳವಾಗಿ ಮಾರಾಟವಾಗುತ್ತವೆ.

ಮೊದಲನೆಯ ಕೆಲಸ ಚೂರಿಯದು. ಮಾಂಸವೆಂಬುದು ಸೂಕ್ಷ್ಮವಾದ ಎಳೆಗಳ ಕಟ್ಟು. ಆ ಎಳೆಗಳೆಲ್ಲವೂ ಒಂದೇ ದಿಕ್ಕಿಗೆ ಮಲಗಿರುವುವು, ಅವುಗಳನ್ನು ಗಟ್ಟಿಯಾದ ಪೊರೆಗಳು ಬಿಗಿದಿರುವುವು. ಹಗ್ಗವನ್ನು ಉದ್ದಕ್ಕೆ ಹಿಡಿದೆಳೆದರೆ ಕಿತ್ತುಬಾರದು. ಅದನ್ನೇ ಅಡ್ಡಲಾಗಿ ಸಣ್ಣ ಸಣ್ಣ ತುಂಡುಗಳಾಗಿ ಕೊಯ್ದರೆ ಎಳೆಗಳು ತಾವಾಗಿಯೇ ಉದುರುವುವು. ಮಾಂಸದ ನ್ಯಾಯವೂ ಇದೇ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಆ ಪೊರೆಗಳು ಕರಗಿ ಅಂಟಿನಂತಾಗಿ ಮಾಂಸ ಮೆತ್ತಗಾಗುವುದುಂಟು. ಎರಡು ನಿಮಿಷದಲ್ಲಿ ಮುಗಿಯುವ ಈ ಅಡುಗೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಬೆಂಕಿ ಮಾಡಲಾರದ ಕೆಲಸವನ್ನು ಇಲ್ಲಿ ಚೂರಿಯೇ ಮಾಡಬೇಕು. ಆದ್ದರಿಂದ ಎಳೆಗಳು ಯಾವ ದಿಕ್ಕಿಗೆ ಹರಿದಿವೆಯೆಂಬುದನ್ನು ಮೊದಲು ನೋಡಿಕೊಂಡು, ಅವಕ್ಕೆ ಅಡ್ಡಲಾಗಿ, ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾಗದಂತೆ ಕೊಯ್ಯತಕ್ಕದ್ದು.

ಹಸಿಯ ಮಾಂಸವು ಚೂರಿಯ ಕೆಳಗೆ ಜಾರುವುದರಿಂದ ಇಷ್ಟು ತೆಳ್ಳಗೆ ಕೊಯ್ಯುವುದು ಸುಲಭವಲ್ಲ. ಅಂಗಡಿಗಳಲ್ಲಿ ಇದಕ್ಕೆ ಯಂತ್ರವಿರುವುದು. ಮನೆಯಲ್ಲಿ ಮಾಂಸವನ್ನು ರೆಫ್ರಿಜರೇಟರಿನ ಹೆಪ್ಪುಗಟ್ಟಿಸುವ ಖಾನೆಯಲ್ಲಿ ಮೂವತ್ತು ನಲವತ್ತು ನಿಮಿಷ ಇಟ್ಟರೆ ಸಾಕು. ಕಲ್ಲಾಗದೆ, ಹೊರಭಾಗ ಮಾತ್ರ ಬಿಗಿದುಕೊಂಡು, ಚೂರಿಗೆ ಹಿಡಿತ ಸಿಗುವುದು. ಇಬ್ಬರಿಗೆ ಸುಮಾರು 350 ಗ್ರಾಂ ಮಾಂಸ ಬೇಕಾದೀತು. ಫಿಲಡೆಲ್ಫಿಯಾದಲ್ಲಿ ಹೆಚ್ಚಾಗಿ ಬಳಸುವುದು ಪಕ್ಕೆಲುಬಿನ ಕಡೆಯ ರಿಬ್‌ಐ ಎಂಬ ಭಾಗವನ್ನು. ಅದರ ನಡುನಡುವೆ ಕೊಬ್ಬಿನ ಗೆರೆಗಳಿದ್ದು, ಕಾದಾಗ ಕರಗಿ ಮಾಂಸಕ್ಕೆ ಜಿಡ್ಡನ್ನೂ ರುಚಿಯನ್ನೂ ಕೊಡುವುವು. ಹಿಂಗಾಲಿನ ಅಗ್ಗದ ಮಾಂಸವನ್ನು ಬಳಸುವವರೂ ಉಂಟು. ತೆಳ್ಳಗೆ ಕೊಯ್ಯುವ ತಾಳ್ಮೆಯಿದ್ದರೆ ಅದನ್ನು ತಳ್ಳಿಹಾಕಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ದಪ್ಪ ತುಂಡಿನಲ್ಲಿ ಎದ್ದು ಕಾಣುವ ಅದರ ಗಡಸುತನ ಇಲ್ಲಿ ಅಷ್ಟಾಗಿ ತಿಳಿಯದು.

ಇನ್ನು ಬೆಂಕಿಯ ವಿಷಯ. ಹುರಿದ ಮಾಂಸದ ಕಂದು ಬಣ್ಣಕ್ಕೂ ಪರಿಮಳಕ್ಕೂ ಕಾರಣವಾದ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿಯು ವಿವರಿಸಿದನು. ಸಸಾರಜನಕ ದ್ರವ್ಯಗಳೂ ಸಕ್ಕರೆಗಳೂ ಕಾವಿನಲ್ಲಿ ಕೂಡಿ ನೂರಾರು ಹೊಸ ರುಚಿಗಳನ್ನು ಹುಟ್ಟಿಸುವುವು. ಈ ಕ್ರಿಯೆ ಚುರುಕಾಗಿ ನಡೆಯಬೇಕಾದರೆ ಸುಮಾರು 140 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾವು ಬೇಕು. ನೀರಾದರೋ 100 ಡಿಗ್ರಿಯಲ್ಲಿ ಕುದಿಯುವುದು. ಒದ್ದೆಯ ಮೇಲ್ಮೈ ಅದಕ್ಕಿಂತ ಹೆಚ್ಚು ಕಾಯಲಾರದು. ಒಂದೇ ಸಲಕ್ಕೆ ಮಾಂಸವೆಲ್ಲವನ್ನೂ ಕಾವಲಿಗೆ ಸುರಿದರೆ ಕಾವಲಿ ತಣ್ಣಗಾಗಿ, ಮಾಂಸದಿಂದ ನೀರು ಬಿಟ್ಟು, ಅದು ತನ್ನ ನೀರಿನಲ್ಲಿ ತಾನೇ ಬೆಂದು ಬೂದುಬಣ್ಣಕ್ಕೆ ತಿರುಗುವುದು. ಹಾಗಾಗದಿರಲು ದಪ್ಪನಾದ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎರಡು ಮೂರು ಪಾಲುಗಳಾಗಿ ಹುರಿಯಬೇಕು. ನೀರು ಚಿಮುಕಿಸಿ ಕಾವಲಿಯ ಹದವನ್ನು ಅರಿಯುವುದು ದೋಸೆ ಹುಯ್ಯುವ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಇಲ್ಲಿ ದೋಸೆಗಿಂತಲೂ ಸ್ವಲ್ಪ ಹೆಚ್ಚಿನ ಕಾವಿದ್ದರೆ ಒಳ್ಳೆಯದು.

ಬಿರುಸಾದ ಕಾವು ತಗುಲಿದರೆ ಮಾಂಸದ ಹೊರಮೈ ಮುಚ್ಚಿಕೊಂಡು ರಸವು ಒಳಗೇ ಉಳಿಯುವುದೆಂಬ ಮಾತು ಇಂದಿಗೂ ಅಡುಗೆಯವರ ಬಾಯಲ್ಲಿ ಕೇಳಿಬರುವುದು. ಹತ್ತೊಂಬತ್ತನೆಯ ಶತಮಾನದ ಹೆಸರಾಂತ ರಸಾಯನಶಾಸ್ತ್ರಜ್ಞ ಲೀಬಿಗನೂ ಹಾಗೆಯೇ ನಂಬಿದ್ದನು. ಅದು ನಿಜವಲ್ಲ. ಕಾವಲಿಯ ಮೇಲೆ ಕೇಳುವ ಚುರುಚುರು ಶಬ್ದವೇ ರಸದಲ್ಲಿನ ನೀರು ಆವಿಯಾಗಿ ಹೋಗುತ್ತಿರುವ ಶಬ್ದ. ಬಿರುಸಿನ ಕಾವು ಬೇಕಾಗಿರುವುದು ರುಚಿಗಾಗಿಯೇ ಹೊರತು ಬೇರಾವುದಕ್ಕೂ ಅಲ್ಲ.

ಮಾಂಸಕ್ಕಿಂತ ಮೊದಲು ಒಂದು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹತ್ತು ಹದಿನೈದು ನಿಮಿಷ ಬಾಡಿಸಿ, ಹೊಂಬಣ್ಣಕ್ಕೆ ಬಂದಾಗ ತೆಗೆದಿಡಬೇಕು. ಆಮೇಲೆ ಉರಿಯನ್ನು ಏರಿಸಿ, ಮಾಂಸದ ಒಂದು ಪಾಲನ್ನು ಕಾವಲಿಯ ಮೇಲೆ ಹರಡಿ, ಅರ್ಧ ಮುಕ್ಕಾಲು ನಿಮಿಷ ಅಲುಗಿಸದೆ ಬಿಟ್ಟು, ಕೆಳಗೆ ಕಂದು ಬಣ್ಣ ಹಿಡಿದ ಮೇಲೆ ಮಗುಚಬೇಕು. ಉಪ್ಪನ್ನು ಹಾಕುವುದು ಆಗಲೇ. ಬಹಳ ಮುಂಚೆ ಹಾಕಿದರೆ ನೀರು ಬಿಡುವುದು. ಕೆಲವು ಅಂಗಡಿಗಳಲ್ಲಿ ಕಾವಲಿಯ ಮೇಲೆಯೇ ಸಟ್ಟುಗದಿಂದ ಮಾಂಸವನ್ನು ಕೊಚ್ಚುವರು, ಕೆಲವು ಕಡೆ ಹಾಳೆಗಳಾಗಿಯೇ ಬಿಡುವರು. ಮನೆಯಲ್ಲಿ ಚೂರಿಯ ಕೊಯ್ತ ಸ್ವಲ್ಪ ದಪ್ಪವಾಗಿದ್ದ ಪಕ್ಷದಲ್ಲಿ ಕೊಚ್ಚುವುದೇ ಮೇಲು. ಇಷ್ಟು ತೆಳ್ಳಗಿನ ಮಾಂಸ ಬೇಯಲು ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ; ಕೆಂಪು ಪೂರಾ ಮಾಯವಾದೊಡನೆ ಇಳಿಸಬೇಕು. ಕೋಳಿಯಾದರೆ ಒಳಗೂ ಪೂರ್ತಿ ಬೆಂದಿದೆಯೆಂದು ನೋಡಿಕೊಳ್ಳುವುದು ಅವಶ್ಯ.

ಚೀಸಿನ ವಿಷಯದಲ್ಲಿ ಆ ಊರಿನವರಿಗೆ ಇರುವ ಅಭಿಮಾನ ಸಾಮಾನ್ಯವಾದುದಲ್ಲ. ಪ್ರೊವೊಲೋನ್ ಎಂಬ ಇಟಲಿಯ ಚೀಸು, ಅಮೆರಿಕನ್ ಚೀಸು, 1950ರ ದಶಕದ ಆರಂಭದಲ್ಲಿ ಹೊರಬಂದ ಚೀಜ್ ವಿಜ್ ಎಂಬ ಹಳದಿಯ ದ್ರವ, ಇವು ಮೂರೇ ಅವರಿಗೆ ಸಮ್ಮತ. 2003ರಲ್ಲಿ ಅಧ್ಯಕ್ಷ ಪದವಿಗಾಗಿ ಪ್ರಚಾರಕ್ಕೆ ಹೊರಟಿದ್ದ ಜಾನ್ ಕೆರಿಯವರು ಪ್ಯಾಟ್‌ನ ಅಂಗಡಿಯಲ್ಲಿ ಸ್ವಿಸ್ ಚೀಸನ್ನು ಕೇಳಿ ಪತ್ರಿಕೆಗಳ ಪರಿಹಾಸ್ಯಕ್ಕೆ ಗುರಿಯಾದರು. ನಮ್ಮ ಅಂಗಡಿಗಳಲ್ಲಿ ದೊರೆಯುವ ಸಂಸ್ಕರಿಸಿದ ಚೀಸಿನ ಹಾಳೆಗಳು ಕಾವಿಗೆ ಎಣ್ಣೆ ಬಿಡದೆ ನಯವಾಗಿ ಕರಗುವುದರಿಂದ ಈ ಕೆಲಸಕ್ಕೆ ಚೆನ್ನಾಗಿ ಒದಗುವುವು.

ರೊಟ್ಟಿಯನ್ನು ಆರಿಸುವಾಗ ಮಾಂಸವನ್ನು ನೆನೆಯಬೇಕು. ಹೊರಪದರ ಬಹಳ ಗಟ್ಟಿಯಾದ ರೊಟ್ಟಿಯನ್ನು ಕಚ್ಚಲು ಬಲ ಹಾಕಿದರೆ ಒಳಗಿನದು ಹಿಂದಿನಿಂದ ಜಾರಿಹೋಗುವುದು. ಬೇಕರಿಯ ಸಿಹಿ ಬನ್ನು ರಸ ಹೀರಿ ಕ್ಷಣದಲ್ಲಿ ಮುದ್ದೆಯಾಗುವುದು. ತೆಳುವಾದ ಹೊರಪದರವೂ ಮೆತ್ತನೆಯ ಒಳಭಾಗವೂ ಉಳ್ಳ, ಒಂದು ಗೇಣುದ್ದದ ರೊಟ್ಟಿ ಬೇಕು. ಅದನ್ನು ಎರಡು ಹೋಳು ಮಾಡದೆ, ಒಂದು ಪಕ್ಕ ಅಂಟಿಕೊಂಡಿರುವಂತೆ ಪುಸ್ತಕದ ಹಾಗೆ ತೆರೆಯಬೇಕು. ಕಾವಲಿಯ ಮೇಲೆ ಮಾಂಸವನ್ನೂ ಈರುಳ್ಳಿಯನ್ನೂ ಕೂಡಿಸಿ ರೊಟ್ಟಿಯಷ್ಟೇ ಉದ್ದಕ್ಕೆ ಒಟ್ಟಿ, ಮೇಲೆ ಎರಡು ಮೂರು ಹಾಳೆ ಚೀಸನ್ನು ಹೊದಿಸಿ, ತೆರೆದ ರೊಟ್ಟಿಯನ್ನು ಅದರ ಮೇಲೆ ಬೋರಲು ಹಾಕಬೇಕು. ಏಳುವ ಹಬೆಗೆ ರೊಟ್ಟಿ ಬೆಚ್ಚಗಾಗುವುದು, ಚೀಸು ಕರಗಿ ಮಾಂಸವನ್ನು ಹಿಡಿದುಕೊಳ್ಳುವುದು. ಅರ್ಧ ನಿಮಿಷದ ಮೇಲೆ ಸಟ್ಟುಗವನ್ನು ಅಡಿಯಲ್ಲಿ ತೂರಿಸಿ ಒಟ್ಟಿಗೆ ಎತ್ತಿ ತಿರುಗಿಸಿದರೆ ಎಲ್ಲವೂ ಒಳಗೆ ಬಂದು ಕೂಡುವುದು. ಕಾಗದದಲ್ಲಿ ಬಿಗಿಯಾಗಿ ಸುತ್ತಿ ಒಂದೆರಡು ನಿಮಿಷ ಬಿಟ್ಟರೆ ಹೊರಪದರವೂ ಮಣಿಯುವುದು. ಅಲ್ಲಿನ ಜನ ಇದನ್ನು ಬೀದಿಯಲ್ಲಿಯೇ ನಿಂತು, ತೊಟ್ಟಿಕ್ಕುವ ರಸ ಅಂಗಿಗೆ ತಗುಲದಂತೆ ಸೊಂಟದಿಂದ ಮುಂದಕ್ಕೆ ಬಾಗಿ, ಕಾಗದವನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಸುತ್ತ ತಿನ್ನುವರು.